ಮೋಹಿನಿ ಸಿಂಧೂರ ತರಿಸಿಕೊಂಡ ಚಿಕ್ಕ ಸೊಸೆ

ಗಂಡ ರಾತ್ರಿ ಹೊತ್ತು ಮನೆಯಲ್ಲಿ ಇರುವುದಿಲ್ಲ. ಅವನನ್ನು ನಿಲ್ಲಿಸಿಕೊಳ್ಳಲು ಹೆಂಡತಿ ಮೊದಲು, ಗಂಡನನ್ನು ಒಲಿಸುತ್ತದೆ ಅಂತ ಹೆಸರಾದ ಒಂದು ಸಿಂಧೂರ ಹಚ್ಚಿಕೊಳ್ಳುತ್ತಾಳೆ. ಆಮೇಲೆ ಅವನ ಜೊತೆ ಕೂತು ಕುಡಿಯುತ್ತಾಳೆ. ಕೊನೆಗೆ ಹಾಸಿಗೆ ಹಿಡಿದ ಅವನಿಗೆ ವಾಸಿಯಾಗಲಿ ಅಂತ ಬೇಡಿಕೊಳ್ಳಲು ಗಾಡಿ ಹತ್ತಿ ಹೊರಡುತ್ತಾಳೆ. ಮತ್ತೆ ವಾಪಸ್ ಬರುವುದಿಲ್ಲ.

ಇದು 1962ರ ಹಿಂದಿ ಸಿನಿಮಾ ‘ಸಾಹಿಬ್ ಬೀಬಿ ಔರ್ ಗುಲಾಮ್’ನ ಛೋಟಿ ಬಹೂ, ಅಂದರೆ ಚಿಕ್ಕ ಸೊಸೆಯ ಕಥೆ. ಮೀನಾ ಕುಮಾರಿ ನಟನೆ, ಗೀತಾ ದತ್ ಹಾಡು, ಆ ಕಪ್ಪು ಬಿಳುಪು ನೆರಳು ಬೆಳಕು ಇದರ ಬಗ್ಗೆಯೆಲ್ಲಾ ಬೇಕಾದಷ್ಟು ಬರೆದಿದ್ದಾರೆ. ಇಲ್ಲಿ ಅದನ್ನು ಒಂದು ಸಂಸಾರದ ಪ್ರಕರಣ ಅಂತ ಇಟ್ಟುಕೊಂಡು ನೋಡೋಣ. ಈ ಮನೆಯಲ್ಲಿ ಮೂಢನಂಬಿಕೆ ಇರುವುದು ಎಲ್ಲಿ? ಸಿಂಧೂರದ ಡಬ್ಬಿಯಲ್ಲಿ ಅಂತ ಯಾರಾದರೂ ಥಟ್ಟನೆ ಹೇಳಿಬಿಡ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ.

ಹಳೆ ಹಿಂದಿ ಪ್ರೇಮಕಥೆಗಳಿಗೂ ಮೂಢನಂಬಿಕೆಗೂ ಹಳೇ ನಂಟು. 1949ರ ‘ಮಹಲ್’, 1958ರ ‘ಮಧುಮತಿ’ ಎರಡರಲ್ಲೂ ಹೋದ ಜನ್ಮದ ಪ್ರೀತಿಯ ಮಾತಿದೆ. ದೇವರ ಮುಂದಿನ ದೀಪ ಆರಿತು ಅಂದರೆ ಊರಾಚೆ ಯಾರಿಗೋ ಏನೋ ಆಯ್ತು ಅಂತ ಲೆಕ್ಕ. ಸಿಂಧೂರದ ಬಟ್ಟಲು ಕೈಜಾರಿ ಬಿತ್ತು ಅಂದರೆ ಮುಂದಿನ ದೃಶ್ಯ ಏನು ಅಂತ ನೋಡುವವರಿಗೆ ಮೊದಲೇ ಗೊತ್ತು. ಅಂಥ ಕಡೆಯೆಲ್ಲಾ ಸಿನಿಮಾನೂ ಪಾತ್ರಗಳ ಜೊತೆ ಸೇರಿ ನಂಬುತ್ತದೆ. ದೀಪ ಆರಿದರೆ ನಿಜಕ್ಕೂ ಯಾರೋ ಸಾಯುತ್ತಾರೆ. ‘ಸಾಹಿಬ್ ಬೀಬಿ ಔರ್ ಗುಲಾಮ್’ ಇದರಲ್ಲಿ ಬೇರೆ ದಾರಿ ಹಿಡಿಯಿತು. ಅದು ನಮ್ಮನ್ನು ಸಿಂಧೂರ ತಯಾರಾಗುವ ಕಾರ್ಖಾನೆಗೇ ಕರೆದುಕೊಂಡು ಹೋಗುತ್ತದೆ.

ಸಿನಿಮಾದ ಮೂಲ ಬಿಮಲ್ ಮಿತ್ರ ಅವರ ಬಂಗಾಳಿ ಕಾದಂಬರಿ. 1956ರಲ್ಲೇ ಬಂಗಾಳಿಯಲ್ಲಿ ಅದು ಸಿನಿಮಾ ಆಗಿತ್ತು, ಭೂತನಾಥ ಅನ್ನುವ ಮುಖ್ಯ ಪಾತ್ರದಲ್ಲಿ ಉತ್ತಮ್ ಕುಮಾರ್ ಇದ್ದರು. ಹಿಂದಿಯಲ್ಲಿ ತೆಗೆದವರು ಗುರುದತ್. ನಿರ್ದೇಶಕರ ಜಾಗದಲ್ಲಿ ಅಬ್ರಾರ್ ಅಲ್ವಿ ಹೆಸರಿದೆ. ನಿಜವಾಗಿ ನಿರ್ದೇಶನ ಯಾರದ್ದು ಅನ್ನೋ ಜಗಳ ಇನ್ನೂ ಮುಗಿದಿಲ್ಲ, ಅದು ನಮಗೆ ಬೇಡ. ಗುರುದತ್ ಹುಟ್ಟಿದ್ದು ಬೆಂಗಳೂರಲ್ಲಿ, 1925ರಲ್ಲಿ. ಬೆಳೆದಿದ್ದು ಕಲ್ಕತ್ತಾದಲ್ಲಿ. ಕ್ಯಾಮೆರಾ ಹಿಡಿದ ವಿ.ಕೆ. ಮೂರ್ತಿ ನಮ್ಮ ಮೈಸೂರಿನವರು, ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿ ಕ್ಯಾಮೆರಾ ಕಲಿತವರು. ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದರು. ಬಂಗಾಳದ ಹವೇಲಿಯೊಂದರ ಒಳಮನೆಯನ್ನು ಇಡೀ ದೇಶಕ್ಕೆ ತೋರಿಸಿದ್ದು ಒಬ್ಬ ಮೈಸೂರಿನವರ ಕಣ್ಣು ಅಂತ ಹೇಳಿಕೊಳ್ಳಲು ನಮಗೂ ಖುಷಿಯೇ.

ಮನೆ ಮತ್ತು ಮನೆಯವರು

ಕಾಲ ಹತ್ತೊಂಬತ್ತನೇ ಶತಮಾನದ ಕೊನೆ. ಊರು ಕಲ್ಕತ್ತಾ. ಮನೆ ಚೌಧರಿ ಜಮೀನ್ದಾರರದ್ದು.

ಈ ಜಮೀನ್ದಾರಿಕೆ ಹೇಗೆ ಬಂತು ಅಂತ ಸ್ವಲ್ಪ ತಿಳಿದರೆ ಗಂಡನ ಗುಣ ಅರ್ಥವಾಗುತ್ತದೆ. 1793ರಲ್ಲಿ ಕಂಪನಿ ಸರ್ಕಾರ ಬಂಗಾಳದಲ್ಲಿ ಕಾಯಂ ಕಂದಾಯದ ಪದ್ಧತಿ ತಂತು. ಜಮೀನ್ದಾರ ಸರ್ಕಾರಕ್ಕೆ ಕಟ್ಟಬೇಕಾದ ಹಣ ಶಾಶ್ವತವಾಗಿ ಅಷ್ಟೇ. ರೈತರಿಂದ ಅದಕ್ಕಿಂತ ಜಾಸ್ತಿ ವಸೂಲಾದದ್ದು ಅವನ ಜೇಬಿಗೆ. ವಸೂಲಿ ಮಾಡಲು ಹಳ್ಳಿಯಲ್ಲಿ ಗುಮಾಸ್ತರಿದ್ದರು. ಯಜಮಾನರು ಕಲ್ಕತ್ತಾದಲ್ಲಿ ಕೂತು ಖರ್ಚು ಮಾಡುತ್ತಿದ್ದರು. ಎರಡು ಮೂರು ತಲೆಮಾರು ಹೀಗೇ ಹೋದ ಮೇಲೆ ದುಡಿಯುವುದು ಅವಮಾನ, ಉಡಾಯಿಸುವುದು ಮರ್ಯಾದೆ ಅಂತಾಯಿತು. ರಾತ್ರಿ ಕೋಠಿಯಲ್ಲಿ, ಅಂದರೆ ನರ್ತಕಿಯರ ಮನೆಯಲ್ಲಿ ಕಳೆಯುವುದೂ ಆ ಮರ್ಯಾದೆಯ ಒಂದು ಭಾಗ. ಮನೆಯಲ್ಲೇ ಮಲಗುವ ಜಮೀನ್ದಾರನನ್ನು ನೋಡಿ ಉಳಿದವರು ನಗುತ್ತಿದ್ದರೋ ಏನೋ.

ಮನೆಯಲ್ಲಿ ಮೂವರು ಸೊಸೆಯರು. ಹಿರಿಸೊಸೆ ವಿಧವೆ, ಮಡಿ ಮೈಲಿಗೆಯ ಗೀಳು ಹಿಡಿದು ಕೈ ತೊಳೆಯುತ್ತಲೇ ಇರುತ್ತಾಳೆ. ನಡುವಿನವಳಿಗೆ ಒಡವೆ ಒಂದಿದ್ದರೆ ಸಾಕು. ಮಾಡಿಸುವುದು, ಮುರಿಸುವುದು, ಮತ್ತೆ ಮಾಡಿಸುವುದು. ಚಿಕ್ಕವಳಿಗೆ ಮಾತ್ರ ಗಂಡ ಬೇಕು. ಮನೆಯವರ ಲೆಕ್ಕದಲ್ಲಿ ತಲೆ ಕೆಟ್ಟವಳು ಈ ಮೂರನೆಯವಳು. ಮೊದಲ ಇಬ್ಬರಿಂದ ಯಾರಿಗೂ ತೊಂದರೆ ಇಲ್ಲ, ಹಾಗಾಗಿ ಅವರು ಸರಿ ಇದ್ದಾರೆ ಅಂತ ಲೆಕ್ಕ.

ಚಿಕ್ಕ ಯಜಮಾನ, ಛೋಟೆ ಸರ್ಕಾರ್ ಪಾತ್ರದಲ್ಲಿ ರೆಹಮಾನ್. ಅವನು ಸಿಟ್ಟಿನ ಮನುಷ್ಯನಾಗಿ ಕಾಣುವುದಿಲ್ಲ. ಹೆಂಡತಿಯ ಮಾತನ್ನು ನಿಂತು ಕೇಳುತ್ತಾನೆ. ಆದರೆ ಅವಳಿಗೆ ಏನು ಬೇಕಾಗಿದೆ ಅನ್ನೋದೇ ಅವನಿಗೆ ತಿಳಿಯುವುದಿಲ್ಲ. ಉಳಿದ ಸೊಸೆಯರ ತರ ಒಡವೆ ಮುರಿಸು, ಮಾಡಿಸು, ಕವಡೆ ಆಡು, ಆರಾಮವಾಗಿ ಮಲಗು ಅಂತ ಬುದ್ಧಿ ಹೇಳುತ್ತಾನೆ. ಅವನು ಅದನ್ನು ಪ್ರಾಮಾಣಿಕವಾಗಿಯೇ ಹೇಳುತ್ತಿದ್ದಾನೆ. ಇಡೀ ಸಿನಿಮಾದಲ್ಲಿ ನನಗೆ ಜಾಸ್ತಿ ಭಯ ಹುಟ್ಟಿಸಿದ ಮಾತು ಇದು.

ಇನ್ನು ಭೂತನಾಥ. ಗುರುದತ್ ಮಾಡಿದ ಪಾತ್ರ. ಹಳ್ಳಿಯಿಂದ ಕೆಲಸ ಹುಡುಕಿಕೊಂಡು ಬಂದವನು. ಹವೇಲಿಯಲ್ಲೇ ಒಂದು ಕಡೆ ಉಳಿದುಕೊಳ್ಳುತ್ತಾನೆ, ಮೋಹಿನಿ ಸಿಂಧೂರದ ಕಾರ್ಖಾನೆಯಲ್ಲಿ ನೌಕರಿಗೆ ಸೇರುತ್ತಾನೆ. ಕಾರ್ಖಾನೆ ಯಜಮಾನ ಸುವಿನಯ ಬಾಬು. ಅವರು ಬ್ರಹ್ಮ ಸಮಾಜದವರು. ವಿಗ್ರಹ ಪೂಜೆ ಬೇಡ, ಮೂಢನಂಬಿಕೆ ಬೇಡ ಅಂತ ರಾಮಮೋಹನ ರಾಯರು 1828ರಲ್ಲಿ ಶುರು ಮಾಡಿದ ಪಂಥ ಅದು. ಅಂಥವರ ಮನೆಯ ವ್ಯಾಪಾರ ವಶೀಕರಣದ ಸಿಂಧೂರ! ಕಥೆಗಾರ ಸುಮ್ನೆ ಇಟ್ಟ ವಿವರ ಇದಲ್ಲ. ನಂಬದವನು ಮಾರುತ್ತಾನೆ, ನಂಬಿದವಳು ಕೊಳ್ಳುತ್ತಾಳೆ.

ಮೊದಲ ಉಪಾಯ

ಒಂದು ರಾತ್ರಿ ಆಳು ಬನ್ಸಿ ಬಂದು ಭೂತನಾಥನನ್ನು ಒಳಮನೆಗೆ ಕರೆದೊಯ್ಯುತ್ತಾನೆ. ಚಿಕ್ಕ ಯಜಮಾನಿ ಕರೆಯುತ್ತಿದ್ದಾರೆ ಅಂತ. ಪರಗಂಡಸು ಕಾಲಿಡದ ಜಾಗ ಅದು. ಭೂತನಾಥ ತಲೆ ಎತ್ತುವುದಿಲ್ಲ. ಹಾಗಾಗಿ ನಮಗೂ ಮೊದಲು ಕಾಣುವುದು ನೆಲ, ಜಮಖಾನೆ, ನಡೆದು ಬರುವ ಕೆಂಪು ಅಲತಿಗೆ ಹಚ್ಚಿದ ಪಾದ. ಅವನು ತಲೆ ಎತ್ತಿದಾಗ ಮಾತ್ರ ಮುಖ. ಅಲ್ಲಿವರೆಗೂ ಇಡೀ ಹವೇಲಿಯನ್ನು ಅರೆಗತ್ತಲಲ್ಲಿ ಇಟ್ಟಿದ್ದ ಮೂರ್ತಿಯವರು ಈ ಒಂದು ಮುಖಕ್ಕೆ ಅಂತಲೇ ಬೆಳಕು ಕೂಡಿಸಿಟ್ಟ ಹಾಗಿದೆ. ಹಣೆ ಮೇಲೆ ದೊಡ್ಡ ಬೊಟ್ಟು, ಬೈತಲೆಯಲ್ಲಿ ಸಿಂಧೂರ. ಅವಳು ಕೇಳುವುದು ಒಂದೇ ಒಂದು ಸಣ್ಣ ಕೆಲಸ. ನೀನು ಕೆಲಸ ಮಾಡುವ ಕಡೆಯಿಂದ ಒಂದು ಡಬ್ಬಿ ಮೋಹಿನಿ ಸಿಂಧೂರ ತಂದುಕೊಡು, ಯಾರಿಗೂ ಹೇಳಬೇಡ.

ಇವಳು ದಡ್ಡಿಯಲ್ಲ. ಮಾತಾಡುವ ರೀತಿಯಲ್ಲೇ ಗೊತ್ತಾಗುತ್ತದೆ. ಹೆಸರು ಕೇಳಿದರೆ ಊರೆಲ್ಲಾ ನಗುವ ಭೂತನಾಥನನ್ನು ನೋಡಿ ನಗದವಳು ಇವಳೊಬ್ಬಳೇ. ಹಾಗಿದ್ದರೆ ಡಬ್ಬಿಯನ್ನು ಯಾಕೆ ನಂಬಿದಳು?

ಅವಳ ಕೈಯಲ್ಲಿ ಬೇರೆ ಏನಿತ್ತು ಅಂತ ನೋಡಿ. ವಿಚ್ಛೇದನ ಇಲ್ಲ. ಹಿಂದೂ ಹೆಂಗಸಿಗೆ ಆ ಹಕ್ಕು ದೇಶದ ಕಾನೂನಿನಲ್ಲಿ ಬಂದದ್ದು 1955ರಲ್ಲಿ, ಈ ಸಿನಿಮಾ ತೆರೆಗೆ ಬರುವ ಏಳು ವರ್ಷ ಮೊದಲು. ವಿಧವೆಗೆ ಮರುಮದುವೆ ಮಾಡಬಹುದು ಅಂತ 1856ರಲ್ಲೇ ಕಾನೂನಿತ್ತು, ಆದರೆ ಇವಳು ವಿಧವೆಯಲ್ಲ, ಗಂಡ ಗಟ್ಟಿಮುಟ್ಟಾಗಿದ್ದಾನೆ. ಇನ್ನು ತವರಿಗೆ ಹೋಗಿ ಗಂಡ ರಾತ್ರಿ ಬರಲ್ಲ ಅಂದರೆ, ಅದಕ್ಕೇನೀಗ ಅಂತಾರೆ. ಮನೆಯಲ್ಲಿ ಹಿರಿಯರಿಗೆ ದೂರು ಕೊಡೋಣ ಅಂದರೆ ಹಿರಿಯರೂ ಅದೇ ಕೋಠಿಯ ಕಡೆ ಹೋಗುವವರು. ದಾರಿ ಎಲ್ಲಾ ಮುಚ್ಚಿದಾಗ ತೆರೆದಿರುವುದು ಒಂದೇ ಅಂಗಡಿ. ಅಲ್ಲಿ ಏನು ಮಾರಿದರೂ ಜನ ಕೊಳ್ಳುತ್ತಾರೆ.

ನಮ್ಮ ಬಸ್‌ಸ್ಟ್ಯಾಂಡ್ ಗೋಡೆ, ಪೇಪರಿನ ಒಳಪುಟಗಳಲ್ಲಿ ಬರುವ ಜಾಹೀರಾತು ನೋಡಿದ್ದೀರಲ್ವಾ? ಗಂಡ ಹೆಂಡತಿ ಜಗಳ, ಪ್ರೀತಿಯಲ್ಲಿ ಮೋಸ, ಸ್ತ್ರೀ ಪುರುಷ ವಶೀಕರಣ, ಫೋನಿನಲ್ಲೇ ಪರಿಹಾರ. ಆ ನಂಬರಿಗೆ ಫೋನ್ ಮಾಡುವವರನ್ನು ನೋಡಿ ನಗುವುದು ಸುಲಭ. ಫೋನ್ ಮಾಡುವ ಮುಂಚೆ ಅವರು ಯಾರ್ಯಾರ ಹತ್ತಿರ ಹೋಗಿ ಏನೇನು ಅನ್ನಿಸಿಕೊಂಡು ಬಂದಿರ್ತಾರೆ ಅಂತ ಯಾರೂ ಕೇಳುವುದಿಲ್ಲ.

ಸಿಂಧೂರವೇ ಯಾಕೆ ಅನ್ನುವುದಕ್ಕೂ ಕಾರಣ ಇದೆ. ಬಂಗಾಳದ ಮದುವೆಯಲ್ಲಿ ನಮ್ಮ ತರ ತಾಳಿ ಮುಖ್ಯವಲ್ಲ. ಬೈತಲೆ ಸಿಂಧೂರ, ಶಂಖದ ಬಿಳಿ ಬಳೆ, ಹವಳದ ಕೆಂಪು ಬಳೆ ಇವೇ ಮುತ್ತೈದೆಯ ಗುರುತು. ಅವಳು ದಿನಾ ಹೇಗೂ ಸಿಂಧೂರ ಇಡುತ್ತಾಳೆ. ವ್ಯಾಪಾರಿ ಹೊಸದೇನನ್ನೂ ನಂಬಿಸಬೇಕಾಗಿಲ್ಲ. ಸಿಂಧೂರಕ್ಕೆ ಗಂಡನ ಆಯಸ್ಸು ಕಾಯುವ ಶಕ್ತಿ ಇದೆ ಅಂತ ಊರೇ ನಂಬಿರುವಾಗ, ಗಂಡನ ಮನಸ್ಸನ್ನೂ ಕಾಯುತ್ತದೆ ಅಂದರೆ ಯಾರು ಇಲ್ಲ ಅನ್ನುತ್ತಾರೆ? ವ್ಯಾಪಾರಿ ಸೇರಿಸಿದ್ದು ಆ ಒಂದು ಹೆಜ್ಜೆ ಅಷ್ಟೇ.

ಗಂಡನಿಗಾಗಿ ಅವಳು ಸಿಂಗಾರ ಮಾಡಿಕೊಳ್ಳುವ ಹಾಡು ‘ಪಿಯಾ ಐಸೋ ಜಿಯಾ ಮೇ’. ಶಕೀಲ್ ಬದಾಯೂನಿ ಸಾಹಿತ್ಯ, ಹೇಮಂತ್ ಕುಮಾರ್ ಸಂಗೀತ. ಗೀತಾ ದತ್ ಹಾಡಿದ್ದು ಕೇಳಿದರೆ ಆವತ್ತು ರಾತ್ರಿ ಅವನು ಉಳಿದೇ ಉಳಿಯುತ್ತಾನೆ ಅಂತ ನಮಗೂ ಅನ್ನಿಸಿಬಿಡುತ್ತದೆ. ಅವನು ಉಳಿಯುವುದಿಲ್ಲ. ಸಿಂಧೂರ ಸೋತಿತು.

ಎರಡನೆಯದು

ಇಲ್ಲಿಂದ ಪ್ರಕರಣ ನಿಜವಾಗಿ ಬಿಚ್ಚಿಕೊಳ್ಳುತ್ತದೆ. ಡಬ್ಬಿ ಸುಳ್ಳು ಅಂತ ಗೊತ್ತಾದ ಮೇಲೆ ಕಣ್ಣು ತೆರೆಯಬೇಕಿತ್ತು, ಅಲ್ವಾ? ಅವಳಿಗೆ ಹಾಗಾಗುವುದಿಲ್ಲ. ಡಬ್ಬಿಯ ಮೇಲಿನ ನಂಬಿಕೆ ಹೋಯಿತು, ಆದರೆ ಅದರ ಅಡಿಯಲ್ಲಿದ್ದ ಇನ್ನೊಂದು ನಂಬಿಕೆ ಗಟ್ಟಿಯಾಗೇ ಉಳಿಯಿತು. ಗಂಡ ಹೊರಗೆ ಹೋಗುತ್ತಿದ್ದರೆ ಕೊರತೆ ನನ್ನಲ್ಲೇ ಇದೆ, ಆ ಕೊರತೆ ತುಂಬಿದರೆ ಅವನು ಬಂದೇ ಬರುತ್ತಾನೆ ಅನ್ನುವ ನಂಬಿಕೆ ಅದು. ಇದನ್ನು ಯಾರೂ ಮೂಢನಂಬಿಕೆ ಅಂತ ಕರೆಯುವುದಿಲ್ಲ. ಪಾತಿವ್ರತ್ಯ ಅಂತಾರೆ. ಹರಿಕಥೆಯಲ್ಲಿ ಹೇಳಿಕೊಟ್ಟದ್ದೂ ಅದೇ. ಸಾವಿತ್ರಿ ಯಮನ ಹಿಂದೆ ಹೋಗಿ ಗಂಡನನ್ನು ವಾಪಸ್ ತಂದಳಂತೆ. ಕೋಠಿಯಿಂದ ತರುವುದು ಅದಕ್ಕಿಂತ ಕಷ್ಟವೇ?

ನನ್ನ ಜೊತೆ ಕುಡಿಯಬಲ್ಲೆಯಾ ಅಂತ ಗಂಡ ಕೇಳುತ್ತಾನೆ. ಅವನಿಗದು ಮಾತಿಗೆ ಮಾತು. ಅವಳಿಗೆ ಅದೇ ಪರೀಕ್ಷೆ. ಈ ಸಲವೂ ತಂದುಕೊಡುವವನು ಭೂತನಾಥ. ಸಿಂಧೂರ ತಂದ ಅದೇ ಕೈ, ಈಗ ಬಾಟಲಿ ತರುತ್ತದೆ. ಬೇಡ ಅಂತ ಹೇಳಿ ನೋಡುತ್ತಾನೆ, ಅವಳು ಕೇಳುವುದಿಲ್ಲ.

ಕೆಲವು ದಿನ ಈ ಉಪಾಯ ಗೆದ್ದ ಹಾಗೆ ಕಾಣುತ್ತದೆ. ಗಂಡ ಮನೆಯಲ್ಲಿ ಉಳಿಯುತ್ತಾನೆ. ‘ನ ಜಾವೋ ಸೈಯಾ’ ಹಾಡಿನಲ್ಲಿ ಅವಳು ಅಮಲಿನಲ್ಲಿ ಅವನ ತೋಳು ಹಿಡಿದು ನಿಲ್ಲಿಸಿಕೊಳ್ಳುತ್ತಾಳೆ. ಆಮೇಲೆ ಅವನಿಗೆ ಅದೂ ಬೇಜಾರಾಗುತ್ತದೆ, ಮತ್ತೆ ಹೊರಟುಬಿಡುತ್ತಾನೆ. ಅವಳಿಗೆ ಮಾತ್ರ ಕುಡಿತ ಅಂಟಿಕೊಳ್ಳುತ್ತದೆ.

ಹೊರಡುವ ಗಂಡನ ಎದುರು ಅವಳು ಆಡುವ ಮಾತು ಹಿಂದಿ ಸಿನಿಮಾ ನೋಡುವವರಿಗೆಲ್ಲಾ ಬಾಯಿಪಾಠ. ಉಳಿದ ಸೊಸೆಯರ ಜೊತೆ ನನ್ನನ್ನು ಹೋಲಿಸಬೇಡ. ಹಿಂದೂ ಮನೆಯ ಸೊಸೆಯಾಗಿದ್ದು ಗಂಡನಿಗೋಸ್ಕರ ಹೆಂಡ ಕುಡಿದವಳು ಯಾರಾದರೂ ಇದ್ದಾಳಾ? ಇಂಥ ತ್ಯಾಗ ಯಾರು ಮಾಡಿದ್ದಾರೆ? ಇದನ್ನು ಬಂಡಾಯದ ಮಾತು ಅಂತ ಓದುವವರಿದ್ದಾರೆ. ಕುಡಿದ ಹೆಂಗಸು, ಗಂಡನ ಎದುರು ದನಿ ಎತ್ತಿದವಳು, ಆಸೆಯನ್ನು ಬಾಯಿಬಿಟ್ಟು ಹೇಳಿದವಳು. ಅಷ್ಟರ ಮಟ್ಟಿಗೆ ಸರಿ. ಆದರೆ ಅವಳ ತರ್ಕ ನೋಡಿ, ಪೂರ್ತಿ ಹರಕೆಯ ತರ್ಕ. ನಾನು ಎಲ್ಲರಿಗಿಂತ ದೊಡ್ಡ ಕಾಣಿಕೆ ಹಾಕಿದ್ದೇನೆ, ಫಲ ಯಾಕೆ ಬರಲಿಲ್ಲ ಅಂತ ಜಗಳ ಆಡುತ್ತಿದ್ದಾಳೆ. ದೇವರ ಎದುರು ನಿಂತು ಜಗಳ ಆಡುವ ಭಕ್ತರ ಹಾಗೆ. ಅಂಥ ಭಕ್ತರು ದೇವರೇ ಇಲ್ಲ ಅಂತ ಎಂದೂ ಅನ್ನುವುದಿಲ್ಲ.

ಮೀನಾ ಕುಮಾರಿಯ ಸ್ವಂತ ಬದುಕನ್ನು, ಕುಡಿತವನ್ನು ಈ ಪಾತ್ರಕ್ಕೆ ತಂದು ಅಂಟಿಸುವುದು ಎಲ್ಲರ ಅಭ್ಯಾಸ. ನನಗೆ ಅದು ಅವರ ಕಸುಬಿಗೆ ಮಾಡುವ ಅನ್ಯಾಯ ಅನ್ನಿಸುತ್ತದೆ. ಆ ವರ್ಷ ಫಿಲ್ಮ್‌ಫೇರ್‌ನ ಉತ್ತಮ ನಟಿ ಪ್ರಶಸ್ತಿಗೆ ಮೂವರ ಹೆಸರಿರಬೇಕಾದ ಕಡೆ ಮೂರೂ ಅವರದ್ದೇ ಸಿನಿಮಾಗಳಿದ್ದವು. ಗೆದ್ದದ್ದು ಛೋಟಿ ಬಹೂ.

ಇದೇ ಸಿನಿಮಾದಲ್ಲಿ ‘ಸಾಕಿಯಾ ಆಜ್ ಮುಝೆ’ ಅನ್ನುವ ಮುಜರಾ ಹಾಡಿದೆ. ಮುಖ್ಯ ನರ್ತಕಿ ಮಿನೂ ಮುಮ್ತಾಜ್ ಮೇಲೆ ಮಾತ್ರ ಬೆಳಕು. ಹಿಂದೆ ಕುಣಿಯುವವರೆಲ್ಲಾ ಬರೀ ನೆರಳು, ಒಬ್ಬರ ಮುಖವೂ ಕಾಣುವುದಿಲ್ಲ. ಹವೇಲಿಯ ಗಂಡಸರಿಗೆ ಹೆಂಗಸರು ಹೇಗೆ ಕಾಣುತ್ತಿದ್ದರು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ವಿವರಣೆ ನನಗೆ ಸಿಕ್ಕಿಲ್ಲ.

ಮೂರನೆಯದು

ಎದುರಾಳಿಯೊಬ್ಬನ ಕಡೆಯವರ ಜೊತೆ ಹೊಡೆದಾಟದಲ್ಲಿ ಗಂಡ ಏಟು ತಿಂದು ಹಾಸಿಗೆ ಹಿಡಿಯುತ್ತಾನೆ. ಆಸ್ತಿಯೂ ಕರಗುತ್ತಾ ಬಂದಿದೆ. ಅವಳು ಬೇಡಿದ್ದು ಸಿಕ್ಕಿತು ಅಂತಲೇ ಹೇಳಬೇಕು, ಗಂಡ ಈಗ ರಾತ್ರಿ ಹಗಲು ಮನೆಯಲ್ಲೇ. ಅವನು ವಾಸಿಯಾಗಲಿ ಅಂತ ಬೇಡಿಕೊಳ್ಳಲು ಭೂತನಾಥನನ್ನು ಜೊತೆಗೆ ಕರೆದುಕೊಂಡು ಗಾಡಿಯಲ್ಲಿ ಹೊರಡುತ್ತಾಳೆ. ಭಾವ, ಅಂದರೆ ಮಝ್ಲೆ ಸರ್ಕಾರ್‌ಗೆ ವಿಷಯ ಗೊತ್ತಾಗುತ್ತದೆ. ಮನೆಯ ಸೊಸೆ ರಾತ್ರಿ ಹೊತ್ತು ಪರಗಂಡಸಿನ ಜೊತೆ ಗಾಡಿಯಲ್ಲಿ! ಅವನ ಆಳುಗಳು ಗಾಡಿ ತಡೆಯುತ್ತಾರೆ. ಭೂತನಾಥನಿಗೆ ಎಚ್ಚರವಾದಾಗ ಅವಳು ಇಲ್ಲ. ಎಷ್ಟೋ ವರ್ಷದ ಮೇಲೆ ಹವೇಲಿ ಕೆಡವುವ ಕೆಲಸಕ್ಕೆ ಅವನೇ ಮೇಲ್ವಿಚಾರಕನಾಗಿ ಬರುತ್ತಾನೆ. ಅಗೆಯುವಾಗ ಅಸ್ಥಿಪಂಜರ ಸಿಗುತ್ತದೆ. ಕೈಯಲ್ಲಿನ ಬಳೆಯಿಂದ ಯಾರದ್ದು ಅಂತ ಗೊತ್ತಾಗುತ್ತದೆ.

ಕುಡಿದದ್ದಕ್ಕೆ ಅವಳನ್ನು ಯಾರೂ ಕೊಲ್ಲಲಿಲ್ಲ. ಅವಳ ಜೀವ ಹೋದದ್ದು ಮೂರೂ ಕೆಲಸಗಳಲ್ಲಿ ಅತಿ ಸಂಪ್ರದಾಯದ ಕೆಲಸಕ್ಕೆ ಹೊರಟಾಗ.

ಜಬಾಳ ಕಥೆ

ಸಿನಿಮಾದಲ್ಲಿ ಇನ್ನೊಂದು ಜೋಡಿ ಇದೆ. ಸುವಿನಯ ಬಾಬು ಮಗಳು ಜಬಾ, ಪಾತ್ರದಲ್ಲಿ ವಹೀದಾ ರೆಹಮಾನ್. ಓದಿದ ಹುಡುಗಿ, ಮಾತಿಗೆ ಚುರುಕು. ಭೂತನಾಥನನ್ನು ಗೋಳು ಹೊಯ್ದುಕೊಳ್ಳುತ್ತಾ ಅವನನ್ನೇ ಇಷ್ಟಪಡುತ್ತಾಳೆ. ಇವರ ದೃಶ್ಯ ಬಂದಾಗ ನೋಡುವವರಿಗೆ ಉಸಿರಾಡಲು ಸಿಗುತ್ತದೆ. ಆದರೆ ನಮ್ಮ ಪ್ರಕರಣಕ್ಕೆ ದೊಡ್ಡ ತೊಡಕು ಇರುವುದೂ ಇಲ್ಲೇ.

ಕೊನೆಗೆ ಗೊತ್ತಾಗುವ ಸಂಗತಿ ಏನೆಂದರೆ ಜಬಾಗೆ ಕೂಸಾಗಿದ್ದಾಗಲೇ ಮದುವೆ ಆಗಿಹೋಗಿದೆ. ಗಂಡ ಬೇರೆ ಯಾರೂ ಅಲ್ಲ, ಭೂತನಾಥನೇ. ಪ್ರೀತಿಸಿದವನೇ ಗಂಡನಾಗಿಬಿಟ್ಟ, ಎಲ್ಲರಿಗೂ ಸಮಾಧಾನ. ಪ್ರೇಮವೂ ಗೆದ್ದಿತು, ವಿಧಿಯೂ ಗೆದ್ದಿತು.

ಬ್ರಹ್ಮ ಸಮಾಜದವರಿಗೆ ಈ ವಿಷಯ ಎಷ್ಟು ಸೂಕ್ಷ್ಮ ಅಂತ ಗೊತ್ತಿದ್ದರೆ ಇದು ಇನ್ನೂ ವಿಚಿತ್ರ. ಅವರ ಒತ್ತಾಯದಿಂದಲೇ 1872ರಲ್ಲಿ ಒಂದು ಮದುವೆ ಕಾನೂನು ಬಂತು. ಆ ಕಾನೂನಿನಡಿ ಮದುವೆಯಾಗಲು ಹುಡುಗಿಗೆ 14, ಹುಡುಗನಿಗೆ 18 ತುಂಬಿರಬೇಕು. ಅದಕ್ಕಾಗಿ ಹೋರಾಡಿದ ಕೇಶವಚಂದ್ರ ಸೇನರೇ 1878ರಲ್ಲಿ ಆ ವಯಸ್ಸು ತುಂಬದ ತಮ್ಮ ಮಗಳನ್ನು ಕೂಚ್ ಬಿಹಾರದ ರಾಜನಿಗೆ ಕೊಟ್ಟರು. ಬ್ರಹ್ಮ ಸಮಾಜವೇ ಒಡೆದುಹೋಯಿತು. ಬಾಲ್ಯವಿವಾಹ ಅಂದರೆ ಅಷ್ಟು ಗಲಾಟೆ ಆಗುತ್ತಿದ್ದ ವಲಯದ ಹುಡುಗಿ ಜಬಾ. ಕೂಸಾಗಿದ್ದಾಗ ಆದ ಮದುವೆಯೇ ಮದುವೆ ಅಂತ ಅವಳು ಒಪ್ಪಿಕೊಳ್ಳುತ್ತಾಳೆ.

ಅದೇ ಕಾಲದಲ್ಲಿ ಮುಂಬೈಯಲ್ಲಿ ರಖಮಾಬಾಯಿ ಅನ್ನುವ ಹೆಣ್ಣುಮಗಳಿದ್ದರು. 11ನೇ ವಯಸ್ಸಿಗೆ ಮದುವೆ ಆಗಿತ್ತು. ದೊಡ್ಡವರಾದ ಮೇಲೆ, ನನಗೆ ಬುದ್ಧಿ ಬರುವ ಮುಂಚೆ ಆದ ಮದುವೆ ನನ್ನನ್ನು ಕಟ್ಟಿಹಾಕಲಾರದು ಅಂತ ಗಂಡನ ಮನೆಗೆ ಹೋಗಲು ಒಪ್ಪಲಿಲ್ಲ. ಗಂಡ 1884ರಲ್ಲಿ ಕೋರ್ಟಿಗೆ ಹೋದ. 1887ರಲ್ಲಿ ಕೋರ್ಟು, ಗಂಡನ ಹತ್ತಿರ ಹೋಗು ಇಲ್ಲವೇ ಆರು ತಿಂಗಳು ಜೈಲಿಗೆ ಹೋಗು ಅಂತ ಹೇಳಿತು. ಜೈಲೇ ಆಗಲಿ ಅಂದರು ರಖಮಾಬಾಯಿ. ಕೊನೆಗೆ ರಾಜಿಯಾಯಿತು. ಲಂಡನ್ನಿಗೆ ಹೋಗಿ ಓದಿ ಡಾಕ್ಟರ್ ಆದರು. ಇಲ್ಲ ಅನ್ನುವ ಹೆಂಗಸು ಆ ಕಾಲದಲ್ಲಿ ಇರಲೇ ಇಲ್ಲ ಅಂತ ಹೇಳುವ ಹಾಗಿಲ್ಲ.

ಹಾಗಾಗಿ ಸಿನಿಮಾ ಎರಡು ಕೈಯಲ್ಲಿ ಎರಡು ಕೆಲಸ ಮಾಡುತ್ತದೆ. ಛೋಟಿ ಬಹೂ ಕಥೆಯಲ್ಲಿ, ಮದುವೆ ಆಯ್ತು ಅಂದ ಮಾತ್ರಕ್ಕೆ ಪ್ರೀತಿ ಹುಟ್ಟುವುದಿಲ್ಲ ಅಂತ ನಿರ್ದಯವಾಗಿ ತೋರಿಸುತ್ತದೆ. ಜಬಾ ಕಥೆಯಲ್ಲಿ, ಮದುವೆ ಆಗಿತ್ತು ಗೊತ್ತಾ, ಅದಕ್ಕೇ ಪ್ರೀತಿ ಹುಟ್ಟಿದ್ದು ಅಂತ ಸೂಚಿಸುತ್ತದೆ. ಎರಡನೆಯದು ಮೋಹಿನಿ ಸಿಂಧೂರದ ಜಾಹೀರಾತಿಗಿಂತ ಎಷ್ಟು ಬೇರೆ? ನನಗಂತೂ ಜಾಸ್ತಿ ವ್ಯತ್ಯಾಸ ಕಾಣುವುದಿಲ್ಲ. 1962ರ ನೋಡುಗರಿಗೆ ಇಷ್ಟು ಕಹಿಯನ್ನು ಏನೂ ಬೆರೆಸದೆ ಕೊಡಲು ಆಗುತ್ತಿರಲಿಲ್ಲ ಅಂತ ಇಟ್ಟುಕೊಳ್ಳೋಣ.

ಥಿಯೇಟರಿನಲ್ಲಿ

ಸಿನಿಮಾ ಮೊದಲು ಬಿಡುಗಡೆಯಾದಾಗ ಆ ಗಾಡಿಯ ದೃಶ್ಯ ಈಗಿನ ತರ ಇರಲಿಲ್ಲ. ಛೋಟಿ ಬಹೂ ಭೂತನಾಥನ ತೊಡೆ ಮೇಲೆ ತಲೆ ಇಡುತ್ತಿದ್ದಳು, ಹಿನ್ನೆಲೆಯಲ್ಲಿ ಹೇಮಂತ್ ಕುಮಾರ್ ದನಿಯಲ್ಲಿ ಒಂದು ಹಾಡಿತ್ತು. ಜನಕ್ಕೆ ಸರಿಬರಲಿಲ್ಲ. ಗಂಡನಿಗೆ ಹರಸಿಕೊಳ್ಳಲು ಹೊರಟವಳು ಬೇರೆಯವನ ತೊಡೆ ಮೇಲೆ ತಲೆ ಇಡುವುದೇ? ಗುರುದತ್ ದೃಶ್ಯವನ್ನು ಮತ್ತೆ ಚಿತ್ರಿಸಿದರು, ಹಾಡು ತೆಗೆದರು. ಆ ರಾಗವನ್ನು ಹೇಮಂತ್ ಕುಮಾರ್ ವ್ಯರ್ಥ ಮಾಡಲಿಲ್ಲ, 1966ರ ‘ಅನುಪಮಾ’ದಲ್ಲಿ ‘ಯಾ ದಿಲ್ ಕೀ ಸುನೋ’ ಅಂತ ಬಂತು. ಗಾಡಿಯಲ್ಲಿ ಭಾವನಿಗೆ ಕಂಡದ್ದು ಏನೋ, ಥಿಯೇಟರಿನಲ್ಲಿ ಕೂತವರಿಗೂ ಅದೇ ಕಂಡಿತ್ತು.

ಸಿನಿಮಾ ಉಳಿಸಿಕೊಳ್ಳಲು ಇನ್ನೊಂದು ಸಲಹೆಯೂ ಬಂದಿತ್ತು. ‘ಮೊಘಲ್-ಎ-ಆಜಂ’ ಮಾಡಿದ ಕೆ. ಆಸಿಫ್, ಕೊನೆಯಲ್ಲಿ ಗಂಡ ಹೆಂಡತಿಯನ್ನು ಒಂದು ಮಾಡಿಬಿಡಿ ಅಂದರಂತೆ. ಗುರುದತ್ ಮೊದಲು ಹೂಂ ಅಂದು, ಆಮೇಲೆ ಬೇಡ ಅಂದರು. ಹಾಗೆ ಮಾಡಿದ್ದರೆ ಸಿನಿಮಾ ಚೆನ್ನಾಗಿಯೇ ಓಡುತ್ತಿತ್ತೇನೋ. ಆದರೆ ಹೆಂಡತಿಯ ಕಣ್ಣೀರಿಗೆ ಗಂಡ ಕರಗಿ ಮನೆಯಲ್ಲಿ ಉಳಿದುಬಿಟ್ಟ ಅಂತಾದರೆ, ಸುವಿನಯ ಬಾಬು ಕಾರ್ಖಾನೆಯ ಮಾಲು ಕೆಲಸ ಮಾಡಿತು ಅಂತಲೇ ಅರ್ಥ. ಸ್ವಲ್ಪ ತಡವಾಯಿತು, ಅಷ್ಟೇ.